ನಾಗಮಂಗಲದವಳ ಸಾರು

ಕಾರಿನ ಬೆಲ್ಟನ್ನು ಮೊಮ್ಮಗಳು ಮೇಘನಳೇ ಎಳೆದು, ಪಾರ್ವತಮ್ಮನ ಎದೆಗೆ ಅಡ್ಡಲಾಗಿ ಹಾಯಿಸಿ, ಸೊಂಟದ ಪಕ್ಕ ಟಕ್ಕೆಂದು ಸಿಕ್ಕಿಸಿದಳು. ಬಿಚ್ಚುವುದು ಹೇಗೆಂದು ಕೇಳೋಣವೆಂದು ಪಾರ್ವತಮ್ಮನ ಬಾಯಿಗೆ ಬಂತು. ಕೇಳಿದರೆ ಇಳಿದುಹೋಗುವ ಮನಸ್ಸಿದೆಯೆಂದು ಮೊಮ್ಮಗಳಿಗೆ ಗೊತ್ತಾಗಿಬಿಡುತ್ತದೆಂದು ನುಂಗಿಕೊಂಡಳು. ಬೆಳಗಿನಿಂದ ಹೇಳಿದ ನೆಪಗಳೆಲ್ಲ ಮುಗಿದಿದ್ದವು. ಮಂಡಿನೋವೆಂದಳು; ಕಾರಿನಲ್ಲಿ ಕಾಲು ಚಾಚಿ ಕೂರಬಹುದಂತೆ. ಹಸು ಕರು ಹಾಕುವ ಹಾಗಿದೆಯೆಂದಳು, ಸೊಸೆ ಹೇಮಶ್ರೀ, "ನಾನಿಲ್ವ ಅತ್ತೆ? ತೌರ್ಮನೆಗೆ ಓಗಕ್ಕೆ ಯಾರಾದ್ರೂ ಇಷ್ಟು ಬಿಂಕ ಮಾಡ್ತಾರಾ?" ಎಂದು ತಲೆಗೆ ಹೂವು ಮುಡಿಸಿ ಬಾಗಿಲ ತನಕ ನೂಕಿಕೊಂಡೇ ಬಂದಳು. ಇನ್ನು ಉಳಿದಿದ್ದದ್ದು ನಿಜ ಒಂದೇ. ಅದನ್ನು ಹೇಳುವುದಕ್ಕೆ ಈ ವಯಸ್ಸಿನಲ್ಲಿ ಹೇಗೆ ಬಾಯಿ ತೆರೆಯುವುದು?

ಹಿಂದಿನ ಸೀಟಿನಲ್ಲಿ ಮಾರ್ತಾ ಎಂಬ ಹುಡುಗಿ ಕೂತಿದ್ದಳು. ಹಿಮ ಬೀಳುವ ಯಾವುದೋ ದೇಶದವಳು, ಮೈಸೂರಿಗೆ ಓದಲು ಬಂದು ಮೇಘನಳ ಜೊತೆ ಹಾಸ್ಟೆಲಿನಲ್ಲಿದ್ದಳು. ಊರಿನ ಹೆಸರು ಹೊತ್ತ ಅಡಿಗೆಗಳ ಮೇಲೆ ಅವಳ ಓದಂತೆ. ಹಿಂದಿನ ತಿಂಗಳು ಮೇಘನ ಡಬ್ಬಿಯಲ್ಲಿ ಒಯ್ದಿದ್ದ ಸಾರನ್ನು ಅವಳು ಬೆರಳು ನೆಕ್ಕಿಕೊಂಡು ಉಂಡು, ಇದರ ಹೆಸರೇನೆಂದು ಕೇಳಿದಾಗ ಮೇಘನ ಹುಟ್ಟಿದಾಗಿನಿಂದ ಕೇಳಿದ್ದನ್ನೇ ಹೇಳಿದ್ದಳು: ನಾಗಮಂಗಲದ ಸಾರು. ಅಲ್ಲಿಗೆ ಮುಗಿಯಿತು. ಆ ಹುಡುಗಿ ಈಗ ನಾಗಮಂಗಲಕ್ಕೇ ಹೋಗಿ, ಆ ಸಾರು ಹುಟ್ಟಿದ ಒಲೆಯನ್ನು ನೋಡಬೇಕು. "ಅಜ್ಜಿ, ನಾನು ಬಹಳ ಸಂತೋಷವಾಗಿದ್ದೇನೆ," ಎಂದು ಹಿಂದಿನಿಂದ ಅವಳು ಪುಸ್ತಕದ ಕನ್ನಡದಲ್ಲಿ ಹೇಳಿದಾಗ ಪಾರ್ವತಮ್ಮನಿಗೆ ತನ್ನ ಕತ್ತಿನ ಹಿಂಭಾಗ ಬೆತ್ತಲಾಗಿದೆಯೆನ್ನಿಸಿ ಸೆರಗನ್ನು ಮೇಲಕ್ಕೆಳೆದುಕೊಂಡಳು. ನಾಗಮಂಗಲದಲ್ಲಿ ಅಂಥ ಸಾರು ಇಲ್ಲ. ಎಂದೂ ಇರಲಿಲ್ಲ.

ಗಂಡನ ಮನೆಯ ಊರು ಕಿರಂಗೂರನ್ನು ದಾಟಿದ್ದು ಗೊತ್ತಾಗಲಿಲ್ಲ. ರಸ್ತೆಯ ಎರಡು ಕಡೆ ಕಬ್ಬು ಎತ್ತರಕ್ಕೆ ನಿಂತು ಗಾಳಿಯನ್ನು ಕಟ್ಟಿಹಾಕಿತ್ತು. ಕಬ್ಬು ತುಂಬಿದ ಟ್ರಾಕ್ಟರೊಂದು ಮುಂದೆ ತೆವಳುತ್ತಾ ದಾರಿ ಕೊಡದೆ ಹೋಗುತ್ತಿತ್ತು. ಮೇಘನ ಹಾರನ್ನು ಒತ್ತಿ ಒತ್ತಿ ಬೈಯುತ್ತಿದ್ದಳು. ಪಾರ್ವತಮ್ಮನಿಗೆ ಮಾತ್ರ ಅದು ಹಾಗೇ ಮುಂದೆ ಮುಂದೆ ಇದ್ದುಬಿಡಲಿ, ಸಾಯಂಕಾಲದವರೆಗೂ ಈ ಕಬ್ಬಿನ ಬಾಲವನ್ನೇ ನೋಡುತ್ತಾ ಕೂರೋಣ ಅನ್ನಿಸಿತು. ಕಬ್ಬಿನ ಸೋಗೆಯ ಆ ಹಸಿ ಸಿಹಿ ವಾಸನೆ ಮೂಗಿಗೆ ಬಂದರೆ ಇವತ್ತಿಗೂ ಅವಳಿಗೆ ಒಂದು ದಿನ ನೆನಪಾಗುತ್ತದೆ. ಆಲೆಮನೆಯ ದಿನ ಅದು. ಹೊಸ ಸೊಸೆ ಇವಳು. ಮನೆಯ ಹಿಂದಿನ ಆಲೆಮನೆಯಲ್ಲಿ ಬೆಲ್ಲದ ಕೊಪ್ಪರಿಗೆ ಕುದಿಯುತ್ತಿತ್ತು, ಕಬ್ಬು ಕಡಿಯುವವರು, ಗಾಣಕ್ಕೆ ಕೊಡುವವರು, ಪಾಕ ತಿರುವುವವರು ಎಲ್ಲರಿಗೂ ಮಧ್ಯಾಹ್ನದ ಊಟ ಹೋಗಬೇಕಾಗಿತ್ತು. ಅತ್ತೆ ದೊಡ್ಡತಾಯಮ್ಮ ಶ್ರಾವಣದ ಶನಿವಾರವೆಂದು ಬೆಳಗಾಗುವ ಮೊದಲೇ ಕರಿಘಟ್ಟಕ್ಕೆ ಹೋಗಿದ್ದಳು. ಹೋಗುವಾಗ ಬೀಗದ ಕೈ ಸೊಂಟದಲ್ಲೇ ಹೋಗಿತ್ತು. ಕಾಯಿ, ಕೊಬ್ಬರಿ, ಸಾರಿನ ಪುಡಿ, ಬೇಳೆ, ಹುಣಸೆಹಣ್ಣು ಎಲ್ಲ ಆ ಬೀಗದ ಒಳಗೆ. ಮರೆತು ಹೋದಳೋ, ಬೇಕೆಂದೇ ಹೋದಳೋ, ಅದನ್ನು ಪಾರ್ವತಮ್ಮ ಇಷ್ಟು ವರ್ಷ ಯೋಚಿಸಿದ್ದಾಳೆ, ಇನ್ನೂ ಒಂದು ತೀರ್ಮಾನಕ್ಕೆ ಬಂದಿಲ್ಲ.

ಹೊರಗಿದ್ದದ್ದು ರಾಗಿಹಿಟ್ಟು, ಉಪ್ಪು, ಈರುಳ್ಳಿ, ಹಸಿಮೆಣಸಿನಕಾಯಿ. ಕೊಟ್ಟಿಗೆಯ ಒಲೆಯ ಮೇಲೆ ಎತ್ತುಗಳಿಗೆಂದು ಬೆಂದಿದ್ದ ಹುರುಳಿಯ ಹಂಡೆ. ಆ ಮನೆಯಲ್ಲಿ ಹುರುಳಿಯ ಕಟ್ಟನ್ನು ಎತ್ತುಗಳಿಗೇ ಕುಡಿಸುತ್ತಿದ್ದರು. ಗದ್ದೆ ಬಯಲಿನವರು, ಬೇಳೆ ತಿನ್ನುವವರು. ಇವಳು ಹಂಡೆಯಿಂದ ಆ ಕಟ್ಟನ್ನು ಬಗ್ಗಿಸಿಕೊಂಡಳು. ಕೊಟ್ಟಿಗೆಯ ಹಿಂದಿನ ಹುಣಸೆಮರದಲ್ಲಿ ಕೈಗೆಟುಕುವ ಚಿಗುರು ತರಿದಳು. ಈರುಳ್ಳಿ, ಮೆಣಸಿನಕಾಯಿಗಳನ್ನು ಕೆಂಡದಲ್ಲಿ ಸುಟ್ಟಳು. ಕಾಯಿ ಬೇಕಲ್ಲ, ಸಾರಿಗೆ ಮೈ ಬರಬೇಕಲ್ಲ? ತೌರಿನಿಂದ ಹೊರಟಾಗ ಅವ್ವ ಸೀರೆಯ ಮಡಿಕೆಯಲ್ಲಿ ಇಟ್ಟಿದ್ದ ಹುಚ್ಚೆಳ್ಳಿನ ಗಂಟು ನೆನಪಾಯಿತು. ರಾಗಿಹೊಲದ ನಡುವೆ ಬೇರೆ ಕಾಳಿಗೆಂದು ಬಿಡುವ ಅಕ್ಕಡಿ ಸಾಲಿನಲ್ಲಿ ಅವ್ವನೇ ಬೆಳೆದದ್ದು, ಚಟ್ನಿಪುಡಿಗೆ ಆಗುತ್ತದೆಂದು ಕೊಟ್ಟದ್ದು. ಅತ್ತೆಯ ಕಣ್ಣಿಗೆ ಬಿದ್ದರೆ ಅದೂ ಬೀಗದ ಒಳಗೆ ಹೋಗುತ್ತದೆಂದು ಹೆದರಿ ಅದನ್ನು ರಾಗಿ ತುಂಬಿದ ಮಣ್ಣಿನ ವಾಡೆಯಲ್ಲಿ ಹೂತಿಟ್ಟಿದ್ದಳು. ಹುರಿದು, ಒರಳಿಗೆ ಹಾಕಿ, ಕಣ್ಣೀರು ಬೀಳದ ಹಾಗೆ ಮುಖ ತಿರುಗಿಸಿಕೊಂಡು ಅರೆದಳು. ಕಪ್ಪಗೆ, ಎಣ್ಣೆ ಮಿನುಗುತ್ತಾ ಸಾರು ಕುದಿಯಿತು. ಏನಾಗಿದೆಯೆಂದು ನಾಲಿಗೆಗೆ ಹಾಕಿ ನೋಡುವ ಧೈರ್ಯವೂ ಅವಳಿಗಿರಲಿಲ್ಲ. ಮುದ್ದೆಯ ಜೊತೆ ಹೊತ್ತುಕೊಂಡು ಹೋಗಿ ಬಡಿಸಿ, ಬೈಸಿಕೊಳ್ಳಲು ತಯಾರಾಗಿ, ಆಲೆಮನೆಯ ಚಪ್ಪರದ ಕಂಬಕ್ಕೆ ಒರಗಿ ನಿಂತಳು.

ಮೊದಲು ಮಾತಾಡಿದವನು ಪಾಕ ತಿರುವುವ ಸೋಮಯ್ಯ. "ಇದೇನವ್ವ ಸಾರು ಇದು? ಎಲ್ಲಿದ್ಲಾ ಇಷ್ಟು ದಿನ ಈ ಮಾರಾಯ್ತಿ? ಇನ್ನೊಂದ್ ಸೌಟು ಬುಡು." ಎಲ್ಲರೂ ತಲೆಯೆತ್ತಿ ಇವಳನ್ನೇ ನೋಡಿದರು. ಅತ್ತೆ ಬೀಗ ಹಾಕಿಕೊಂಡು ಹೋಗಿದ್ದಾರೆಂದರೆ ಆ ಮನೆಯ ಮಾನ ಹೋಗುತ್ತದೆ. ಎತ್ತಿನ ಹಂಡೆಯಿಂದ ತೆಗೆದದ್ದೆಂದರೆ ತನ್ನ ಮಾನ ಹೋಗುತ್ತದೆ. ಬಂದ ದಿನದಿಂದ ಅತ್ತೆಯ ಬಾಯಲ್ಲಿ ಬೆದ್ದಲು ಸೀಮೆಯವಳು, ಹುರುಳಿ ತಿಂದು ಬೆಳೆದವಳು ಅನ್ನಿಸಿಕೊಂಡಿದ್ದ ಕಿಚ್ಚು ಎಲ್ಲಿತ್ತೋ ಏನೋ, ಬಾಯಿ ತಾನಾಗಿ ಹೇಳಿಬಿಟ್ಟಿತು: "ನಮ್ಮ ನಾಗಮಂಗ್ಲದ ಕಡೆ ಇದ್ನೇ ಮಾಡೋದು. ನಮ್ಮವ್ವ ಕಲ್ಸಿದ್ದು." ಅಷ್ಟೇ. ಆ ಮಾತಿನೊಳಗೆ ಹೊಕ್ಕವಳು ಮತ್ತೆ ಹೊರಗೆ ಬರಲಿಲ್ಲ.

"ಅಜ್ಜಿ, ನಿದ್ದೆನಾ?" ಮೇಘನ ಮೊಣಕೈಯಿಂದ ತಿವಿದಳು. ಟ್ರಾಕ್ಟರು ಯಾವಾಗಲೋ ಪಕ್ಕಕ್ಕೆ ತಿರುಗಿಹೋಗಿತ್ತು. ಪಾಂಡವಪುರ ಕಳೆದು, ಹಸಿರು ತೆಳ್ಳಗಾಗಿ, ಕಲ್ಲುಗುಡ್ಡಗಳು ಕಾಣಿಸುತ್ತಿದ್ದವು. "ಮಾರ್ತಾ ಏನೋ ಹೇಳ್ತಾವ್ಳೆ ಕೇಳು."

ಮಾರ್ತಾ ಮುಂದಕ್ಕೆ ಬಾಗಿ, ಒಂದೊಂದೇ ಮಾತನ್ನು ಕಾಳು ಆರಿಸಿದ ಹಾಗೆ ಆರಿಸಿ ಹೇಳಿದಳು. ಅವಳ ಊರಿನ ಹೆಸರಿನ ಒಂದು ಕೇಕು ಇದೆಯಂತೆ. ಎಲ್ಲ ಪಟ್ಟಣಗಳಲ್ಲೂ ಆ ಹೆಸರಿನಲ್ಲೇ ಮಾರುತ್ತಾರಂತೆ. "ಆದರೆ ನಮ್ಮ ಊರಿನಲ್ಲಿ ಯಾರೂ ಅದನ್ನು ತಿನ್ನುವುದಿಲ್ಲ. ಯಾತ್ರಿಕರು ಬಂದು ಕೇಳುತ್ತಾರೆ. ಆಗ ನಮಗೆ ನಾಚಿಕೆ ಆಗುತ್ತದೆ. ಆಗ ನಾವು ಮಾಡುತ್ತೇವೆ."

ಪಾರ್ವತಮ್ಮನ ಎದೆಯಲ್ಲಿ ಬೆಲ್ಟಿನ ಕೆಳಗೆ ಏನೋ ಸಡಿಲವಾಯಿತು. ಹಾಗಾದರೆ ಇದು ಎಲ್ಲ ದೇಶದಲ್ಲೂ ಇದ್ದದ್ದೇ. ಹೋಟೆಲಿನಲ್ಲಿ ಕೇಳಿ, ಇಲ್ಲವೆಂದರೆ, ಆಗ ಈ ಹುಡುಗಿಯೇ ನಕ್ಕು, ನಮ್ಮಲ್ಲೂ ಹೀಗೇ ಅಜ್ಜಿ ಅಂದಾಳು. ಕಾಫಿ ಕುಡಿದು ವಾಪಸು ಬಂದರಾಯಿತು. "ಪ್ಯಾಟೇಲಿ ಕೇಳ್ನೋಡಿ, ಸಿಕ್ದಿದ್ರೆ ವಾಪಸ್ ಬರಾಣ ಕಣವ್ವ. ಊರಿಗೆ ಓಗಿ ಅವ್ರಿಗೆ ಯಾಕೆ ತೊಂದ್ರೆ? ಕುಯ್ಲು ಕಾಲ," ಎಂದಳು.

"ಅಯ್ಯೋ, ನಾನ್ ಆಗ್ಲೇ ಫೋನ್ ಮಾಡಿವ್ನಿ ಅಜ್ಜಿ. ಚಿಕ್ಕಜ್ಜಿನೇ ಎತ್ಕಂಡ್ರು. ನಮ್ಮಜ್ಜಿ ಮಾಡೋ ಆ ಉಳ್ಳಿಕಟ್ಟಿನ ಸಾರು ಮಾಡಿರಿ, ನಮ್ ಫ್ರೆಂಡ್ ಬತ್ತಾವ್ಳೆ ಅಂದೆ. ಅದಾ, ಅದ್ಕೇನು, ಮಾಡಿರ್ತೀನಿ ಬನ್ನಿ ಅಂದ್ರು."

ಮಾಡಿರ್ತೀನಿ ಬನ್ನಿ. ಪಾರ್ವತಮ್ಮ ಕಿಟಕಿಯ ಕಡೆ ಮುಖ ಹೊರಳಿಸಿದಳು. ತಮ್ಮನ ಹೆಂಡತಿ ಚಿಕ್ಕಬೋರಮ್ಮ ಏನನ್ನು ಮಾಡಿರುತ್ತಾಳೆ? ಇಲ್ಲದ ಸಾರನ್ನು ಯಾವ ಒಲೆಯ ಮೇಲೆ ಇಡುತ್ತಾಳೆ? ಗೊತ್ತಿಲ್ಲವೆಂದು ಹೇಳಿಬಿಡುವ ಹೆಂಗಸು ಅವಳು, ಬಾಯಿ ನೇರ. ಮಾಡುತ್ತೇನೆಂದು ಒಪ್ಪಿಕೊಂಡಿದ್ದಾಳೆಂದರೆ ತನ್ನನ್ನು ಎಲ್ಲರೆದುರು ಕೂರಿಸಿಕೊಂಡು ಆಟ ಆಡಿಸಬೇಕೆಂದಿದ್ದಾಳೋ? ಇಂಥ ಇಕ್ಕಟ್ಟು ಹಿಂದೆ ಒಂದು ಸಲ ಬಂದಿತ್ತು. ಮೊದಲ ಬಸುರಿಗೆ ತೌರಿಗೆ ಕರೆದೊಯ್ಯಲು ಅವ್ವ ಕಿರಂಗೂರಿಗೆ ಬಂದ ದಿನ, ಇವಳು ನಡುಮನೆಯಲ್ಲಿ ಮೊರ ಹಿಡಿದು ಕೂತಿದ್ದಳು. ದೊಡ್ಡತಾಯಮ್ಮ ಎಲೆ ಅಡಿಕೆ ಮುಂದಿಟ್ಟು ನಗುತ್ತಾ, "ಬಂದಿದೀರಲ್ಲ ಬೀಗ್ತಿ, ನಿಮ್ಮೂರ್ ಸಾರ ನಿಮ್ ಕೈಯಾರ ಒಂದ್ಸಲ ಉಣ್ಸಿ. ನಿಮ್ ಮಗಳು ಮಾಡೋದು ಉಂಡೂ ಉಂಡೂ, ಮೂಲದೋರ ಕೈ ರುಚಿ ನೋಡ್ಬೇಕು ಅನ್ಸದೆ," ಎಂದಳು. ಅವ್ವ ಮಗಳ ಕಡೆ ನೋಡಿದಳು. ಯಾವ ಸಾರು ಮಗಾ, ಎಂದು ಕಣ್ಣಿನಲ್ಲೇ ಕೇಳಿದಳು. ಇವಳು ತಲೆ ಬಗ್ಗಿಸಿ, ಮೊರದಲ್ಲಿ ಕಲ್ಲೇ ಇಲ್ಲದ ರಾಗಿಯಲ್ಲಿ ಕಲ್ಲು ಹುಡುಕಿದಳು. ಒಂದು ಮಾತು, ಅತ್ತೆ ಇದು ನಾನೇ ಮಾಡಿಕೊಂಡದ್ದು ಎಂಬ ಒಂದು ಮಾತು ಸಾಕಾಗಿತ್ತು.

ಅವ್ವ, "ಬಸ್ರಿ ಕರ್ಕೊಂಡೋಗಕ್ಕೆ ಬಂದೋರು ಒಲೆ ಮುಂದೆ ಕೂರಬಾರ್ದು ನಮ್ ಕಡೆ," ಎಂದಳು. ಅಂಥ ಶಾಸ್ತ್ರ ಯಾವ ಕಡೆಯೂ ಇರಲಿಲ್ಲ. ಅತ್ತೆ, "ಓಹೋ, ಸಾರೂ ನಿಮ್ ಕಡೇದೇ, ಸಾಸ್ತ್ರನೂ ನಿಮ್ ಕಡೇದೇ," ಎಂದು ಎಲೆಯ ರಸ ಉಗುಳಲು ಎದ್ದು ಹೋದಳು. ಕೊನೆಗೆ ಇವಳೇ ಮಾಡಿದಳು. ಎಲ್ಲರೂ ನೋಡುತ್ತಿರುವಾಗ ಅವ್ವ ಒಂದು ತುತ್ತು ಬಾಯಿಗಿಟ್ಟು, ನಿಧಾನಕ್ಕೆ ನುಂಗಿ, "ಉಪ್ಪು ಒಂಚೂರು ಮುಂದಾಯ್ತು ಕಣ್ ಮಗ. ನಾನು ಇಂಗಾ ನಿಂಗೆ ಕಲ್ಸಿದ್ದು?" ಎಂದಳು. ಉಪ್ಪು ಸರಿಯಾಗಿಯೇ ಇತ್ತು. ಅದಾದ ಮೇಲೆ ಬಾಣಂತನ ಮುಗಿಯುವವರೆಗೂ ತಾಯಿ ಮಗಳು ಒಂದೇ ಸೂರಿನ ಕೆಳಗಿದ್ದರು. ಅವ್ವ ಕೇಳಲಿಲ್ಲ. ಇವಳು ಹೇಳಲಿಲ್ಲ. ಎಣ್ಣೆ ಹಚ್ಚುವಾಗ, ಮಗುವಿಗೆ ನೀರು ಹಾಕುವಾಗ, ಇವತ್ತು ಹೇಳೋಣ ಇವತ್ತು ಹೇಳೋಣ ಅಂದುಕೊಂಡೇ ವಾಪಸು ಬಂದಳು. ಅವ್ವ ಮತ್ತೆ ಎಂದೂ ಕಿರಂಗೂರಿನ ಹೊಸಿಲು ದಾಟಲಿಲ್ಲ. ಮಗಳನ್ನು ಮತ್ತೆ ಒಲೆಯ ಮುಂದೆ ಸಿಕ್ಕಿಸಬಾರದೆಂದೇ ಬರಲಿಲ್ಲವೆಂದು ಪಾರ್ವತಮ್ಮನಿಗೆ ಅರ್ಥವಾಗುವ ಹೊತ್ತಿಗೆ ಅವ್ವ ಮಣ್ಣಾಗಿದ್ದಳು.

ನಾಗಮಂಗಲದ ಪೇಟೆಯಲ್ಲಿ ಕಾರು ನಿಂತಿತು. ಮುದ್ದೆ ಊಟದ ಬೋರ್ಡು ಹಾಕಿದ್ದ ಹೋಟೆಲೊಂದಕ್ಕೆ ಮೂವರೂ ಹೋದರು. ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ದಪ್ಪನೆಯ ಮನುಷ್ಯ ಮಾರ್ತಾಳನ್ನು ನೋಡಿ ಎದ್ದು ನಿಂತೇಬಿಟ್ಟ. ಅವಳು ಕೈ ಮುಗಿದು, "ದಯವಿಟ್ಟು, ನಾಗಮಂಗಲದ ಸಾರು ಇದೆಯೇ?" ಎಂದಳು.

"ಇಲ್ಲಿರೋವೆಲ್ಲ ನಾಗಮಂಗ್ಲದವೇ ಕಣಮ್ಮ," ಎಂದ ಅವನು. "ಬಸ್ಸಾರೈತೆ, ಮೊಳಕೆ ಸಾರೈತೆ, ಕೋಳಿ ಸಾರೈತೆ. ಯಾವ್ದೂ ಮಂಡ್ಯದಿಂದ ತರ್ಸಿಲ್ಲ, ಇಲ್ಲೇ ಮಾಡಿರದು." ಊಟಕ್ಕೆ ಕೂತವರು ನಕ್ಕರು. ಮೇಘನ ಬಿಡದೆ, ಹುರುಳಿಕಟ್ಟಿಂದು, ಕಪ್ಪಗಿರುತ್ತದೆ, ಹುಣಸೆ ಚಿಗುರು ಹಾಕಿರುತ್ತಾರೆ ಎಂದು ವಿವರಿಸಿದಳು. ಅವನು ಒಳಗೆ ಅಡಿಗೆಮನೆಯ ಕಡೆ ತಿರುಗಿ, "ಲೇ ಧರ್ಮೇಂದ್ರ, ನಾಗಮಂಗ್ಲದ ಸಾರು ಅಂತ ಒಂದೈತಂತೆ, ಗೊತ್ತೇನ್ಲಾ ನಿಂಗೆ?" ಎಂದು ಕೂಗಿದ. ಒಳಗಿನಿಂದ, "ನಮ್ ಮಾವನ್ ಊರು ಇದೇ ಕಣಣ್ಣ, ಅಂಗೇನಾರ ಇದ್ದಿದ್ರೆ ಇಷ್ಟೊತ್ಗೆ ನಂಗೆ ಉಯ್ದಿರೋರು," ಎಂದು ಉತ್ತರ ಬಂತು. ಮತ್ತೆ ನಗು. ಗಲ್ಲಾಪೆಟ್ಟಿಗೆಯವನು ಪಾರ್ವತಮ್ಮನ ಕಡೆ ನೋಡಿ, "ಅಜ್ಜೀ, ನೀವು ಯಾವ್ ಕಡೇರು?" ಎಂದ. ಪಾರ್ವತಮ್ಮ, "ಕಿರಂಗೂರು," ಎಂದಳು. ಮದುವೆಯಾದ ಮೇಲೆ ಇದೇ ಮೊದಲ ಸಲ, ತನ್ನ ಊರಿನ ನೆಲದ ಮೇಲೆ ನಿಂತು ತಾನು ಬೇರೆ ಊರಿನವಳೆಂದು ಹೇಳಿದ್ದು. ಮೇಘನ ಚಕಿತಳಾಗಿ ನೋಡಿದಳು. ಕಿರಂಗೂರಿನಲ್ಲಿ ಇವಳನ್ನು ಯಾರೂ ಪಾರ್ವತಿ ಎಂದು ಕರೆದವರಲ್ಲ. ಸೊಸೆಯರನ್ನು ತೌರೂರಿನ ಹೆಸರಿನಿಂದಲೇ ಕರೆಯುವ ರೂಢಿ. ಓರಗಿತ್ತಿ ಚಿನಕುರಳಿಯವಳು, ಇವಳು ನಾಗಮಂಗಲದವಳು. ಗಂಡ ಮುದ್ದಯ್ಯ ಸಾಯುವ ಹಿಂದಿನ ದಿನ ಕೂಡ, "ನಾಗಮಂಗ್ಲದೋಳ ಕರೀರಿ," ಎಂದೇ ಹೇಳಿದ್ದ.

"ಮನೆಯಲ್ಲಿ ಇರುತ್ತದೆ. ಹೋಟೆಲಿನಲ್ಲಿ ಇರುವುದಿಲ್ಲ," ಎಂದು ಮಾರ್ತಾ ತಾನೇ ಸಮಾಧಾನ ಮಾಡಿಕೊಂಡು ಕಾರು ಹತ್ತಿದಳು. ಅವಳ ಆ ನಂಬಿಕೆ ಪಾರ್ವತಮ್ಮನನ್ನು ನಗುವಿಗಿಂತ ಹೆಚ್ಚು ಸುಟ್ಟಿತು.

ತೌರಿನ ಊರು ಪೇಟೆಯಿಂದ ದೂರವಿಲ್ಲ. ರಾಗಿ ಕುಯ್ಲಿಗೆ ಬಂದಿತ್ತು. ಹೊಲಗಳ ನಡುನಡುವೆ ಅಕ್ಕಡಿ ಸಾಲುಗಳಲ್ಲಿ ಅವರೆ, ಅಲ್ಲೊಂದು ಇಲ್ಲೊಂದು ಕಡೆ ಹುಚ್ಚೆಳ್ಳಿನ ಹಳದಿ ಹೂವು ಇನ್ನೂ ಉಳಿದಿತ್ತು. ಮಾರ್ತಾ, "ಈ ಹೂವಿನ ಹೆಸರು ಏನು?" ಎಂದಳು. ಮೇಘನಳಿಗೆ ಗೊತ್ತಿರಲಿಲ್ಲ. ಪಾರ್ವತಮ್ಮ ಕೇಳಿಸದವಳ ಹಾಗೆ ಕೂತಳು. ಮನೆಯಲ್ಲಿ ಅದರ ಕಾಳಿನ ಪುಡಿಯನ್ನು ಎಲ್ಲರೂ ಅಜ್ಜಿಯ ಕರಿಪುಡಿ ಎನ್ನುತ್ತಿದ್ದರು. ಸಂತೆಯಿಂದ ತಾನೇ ತಂದು, ಯಾರೂ ಇಲ್ಲದಾಗ ಹುರಿದು, ಪುಡಿ ಮಾಡಿ ಡಬ್ಬಕ್ಕೆ ತುಂಬಿಡುತ್ತಿದ್ದಳು. ಬೀಗದ ಹೆದರಿಕೆಗೆಂದು ಶುರುವಾದ ಗುಟ್ಟು, ಅತ್ತೆ ಹೋಗಿ, ಬೀಗ ತುಕ್ಕು ಹಿಡಿದು, ಅಡಿಗೆಮನೆಗೆ ಬಾಗಿಲೇ ಇಲ್ಲದ ಹೊಸ ಮನೆ ಕಟ್ಟಿಸಿದ ಮೇಲೂ ಬಿಟ್ಟುಹೋಗಿರಲಿಲ್ಲ.

"ಬಾರಕ್ಕಯ್ಯ! ದಾರಿ ಗ್ಯಾಪ್ಕ ಇತ್ತಾ?" ತಮ್ಮ ತಮ್ಮಯ್ಯ ಜಗುಲಿಯಿಂದಲೇ ಕೂಗಿದ. ಹಲ್ಲು ಉದುರಿದ ಬಾಯಿ ಅವ್ವನ ಬಾಯಿಯಂತೆಯೇ ಆಗಿತ್ತು. ಮಾರ್ತಾಳನ್ನು ನೋಡಿ, "ಇವ್ಳು ನಮ್ ಮುದ್ದೆ ಮುರೀತಾಳೇನವ್ವ? ಅಗಿಬಾರ್ದು ಅಂತ ಮೊದ್ಲೇ ಏಳ್ಬುಡು," ಎಂದ. ಮಾರ್ತಾ ಅರ್ಥಮಾಡಿಕೊಂಡು, "ನುಂಗಬೇಕು," ಎಂದಳು. ತಮ್ಮಯ್ಯ ತೊಡೆ ತಟ್ಟಿಕೊಂಡು ನಕ್ಕ. ಒಳಗಿನಿಂದ ಚಿಕ್ಕಬೋರಮ್ಮ ಚೊಂಬಿನಲ್ಲಿ ನೀರು ತಂದು ಕೊಡುತ್ತಾ ಪಾರ್ವತಮ್ಮನ ಮುಖವನ್ನು ಒಂದು ಗಳಿಗೆ ನೋಡಿದಳು. "ಏನತ್ಗೆ, ಇಂಗ್ ಇಳ್ದೋಗಿದೀರ? ಬನ್ನಿ, ಬಿಸಿಬಿಸಿ ಉಂಡ್ಬುಡಿ." ಒಳಗಿನಿಂದ ಹುರುಳಿಯ ವಾಸನೆ ಬಂತು. ಪಾರ್ವತಮ್ಮ ಕಾಲಿಗೆ ನೀರು ಹಾಕಿಕೊಳ್ಳುವ ನೆಪದಲ್ಲಿ ಇನ್ನಷ್ಟು ಹೊತ್ತು ಹೊರಗೇ ನಿಂತಳು.

ಸಾಲಾಗಿ ಕೂರಿಸಿ ತಟ್ಟೆ ಹಾಕಿದರು. ಮುದ್ದೆ ಬಂತು. ಹಿಂದೆಯೇ ಚಿಕ್ಕಬೋರಮ್ಮ ಪಾತ್ರೆ ಹಿಡಿದು ಬಂದು ಸೌಟು ಸುರಿದಳು. ಕೆಂಪು ಸಾರು. ಮೇಲೆ ಕಾಯಿಯ ಹಾಲು ಒಡೆದು ತೇಲುತ್ತಿತ್ತು, ನಡುವೆ ಹುಣಸೆ ಚಿಗುರು. ಮೇಘನ ಫೋನನ್ನು ಎತ್ತಿ ಹಿಡಿದುಕೊಂಡು, "ಚಿಕ್ಕಜ್ಜಿ, ಇಲ್ನೋಡ್ಕಂಡು ಏಳಿ, ಇದು ನಾಗಮಂಗ್ಲದ ಸಾರಲ್ವ?" ಎಂದಳು.

"ನಾಗಮಂಗ್ಲದ್ದಾ?" ಚಿಕ್ಕಬೋರಮ್ಮ ಸೌಟು ಹಿಡಿದೇ ನಿಂತಳು. "ಯಾರವ್ವ ಅಂಗಂದೋರು? ಇದು ಕಿರಂಗೂರ್ ಸಾರಲ್ವ? ನಿಮ್ಮೂರ್ದು."

ತಟ್ಟೆಯ ಮೇಲಿದ್ದ ಪಾರ್ವತಮ್ಮನ ಕೈ ಅಲ್ಲೇ ನಿಂತಿತು.

"ಊ ಕಣವ್ವ," ತಮ್ಮಯ್ಯ ಬಾಯಿ ತುಂಬ ಹೇಳಿದ. "ನಮ್ಮವ್ವ ಇವ್ಳ ಕರ್ಕೊಂಡು ಬರಕ್ಕೆ ಅಂತ ಓಗಿತ್ತಲ್ಲ, ಆಗ ಅಲ್ಲಿ ಉಂಡಿದ್ದಂತೆ. ಇವ್ಳು ಬಾಣಂತನ ಮುಗಿಸ್ಕೊಂಡು ಓದ್ಮೇಲೆ ಇಲ್ಲಿ ಶುರು ಮಾಡ್ತು. ಬೀಗ್ರ ಮನೆ ಸಾರು, ಕಿರಂಗೂರ್ ಸಾರು, ನನ್ ಮಗಳು ಅಂಥಾ ಸಾರು ಉಣ್ಣೋ ಮನೆ ಸೇರವ್ಳೆ ಅಂತ ಕೇರಿಗೆಲ್ಲ ಬಟ್ಲಾಗೆ ಅಂಚ್ಕೊಂಡು ಬರೋದು. ಈಗ ಈ ಕೇರೀಲಿ ಎಲ್ರೂ ಮಾಡ್ತಾರೆ."

"ಅತ್ಗೆ ಬಂದಾಗ ಮಾತ್ರ ಮಾಡ್ಬೇಡಿ ಅನ್ನೋರು ಅತ್ತೆಮ್ಮ," ಎಂದಳು ಚಿಕ್ಕಬೋರಮ್ಮ. "ಅಲ್ಲಿ ದಿನಾ ಉಣ್ತಾಳೆ, ಇಲ್ಲೂ ಅದೇ ಯಾಕೆ, ಒಬ್ಬಟ್ಟು ಮಾಡಿ, ಕೋಳಿ ಕುಯ್ರಿ ಅನ್ನೋರು. ಅದ್ಕೇ ನೀವು ನಮ್ ಕೈದು ಉಂಡೇ ಇಲ್ಲ ನೋಡಿ ಅತ್ಗೆ."

ಪಾರ್ವತಮ್ಮ ತುತ್ತನ್ನು ಸಾರಿನಲ್ಲಿ ಅದ್ದಿ ಬಾಯಿಗಿಟ್ಟಳು. ಹುರುಳಿ ಇತ್ತು. ಚಿಗುರಿನ ಹುಳಿ ಇತ್ತು. ಸುಟ್ಟ ಮೆಣಸಿನಕಾಯಿಯ ಘಾಟು, ಅದೂ ಇತ್ತು. ಎಲ್ಲರ ಕಣ್ಣೆದುರು ನುಂಗಿದ ಆ ಒಂದೇ ತುತ್ತಿನಿಂದ ಅವ್ವ ಇಷ್ಟನ್ನೂ ನಾಲಿಗೆಯಲ್ಲಿ ಎತ್ತಿಟ್ಟುಕೊಂಡು ಬಂದಿದ್ದಳು. ಮಗಳ ಸುಳ್ಳನ್ನು ಬಿಚ್ಚಿ ನೋಡದೆ, ಅದಕ್ಕೆ ಇನ್ನೊಂದು ಸುಳ್ಳಿನ ಆಸರೆ ಕೊಟ್ಟು, ಈ ಕೇರಿಯ ಬಟ್ಟಲು ಬಟ್ಟಲಿಗೂ ಹಂಚಿದ್ದಳು. ಅಲ್ಲಿ ಮಗಳು ತೌರಿನ ಮಾನಕ್ಕೆಂದು ಹೇಳಿದ್ದು, ಇಲ್ಲಿ ತಾಯಿ ಮಗಳ ಗಂಡನ ಮನೆಯ ಮಾನಕ್ಕೆಂದು ಹೇಳಿದ್ದು. ಎರಡು ಕಡೆಯಿಂದಲೂ ಗೋಡೆ ಎದ್ದು, ನಡುವೆ ನಿಂತ ತನಗೆ ಕೈ ಚಾಚಲೂ ಜಾಗವಿಲ್ಲದಂತಾಗಿದೆಯೆನ್ನಿಸಿತು. ನೀರು ಕುಡಿದಳು.

"ನಮ್ಮನೇಲಿ ಮಾಡೋದು ಕಪ್ಪಗಿರ್ತದೆ, ಇದು ಕೆಂಪಗದೆ," ಎನ್ನುತ್ತಿದ್ದಳು ಮೇಘನ. "ಮತ್ತೆ ನೀವು ನಮ್ದು ಅಂತೀರ, ನಾವು ನಿಮ್ದು ಅಂತೀವಿ. ಅಂಗಾದ್ರೆ ಯಾರ್ದು?"

ಮಾರ್ತಾ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಪಾರ್ವತಮ್ಮನ ಕಡೆಗೆ ಪೂರ್ತಿ ತಿರುಗಿದಳು. ಅವಳ ತಿಳಿಗಣ್ಣುಗಳಲ್ಲಿ ಆತುರವಿತ್ತು, ಕುಹಕವಿರಲಿಲ್ಲ. "ಅಜ್ಜಿ, ನಿಮಗೆ ಎರಡು ಮನೆಯೂ ಗೊತ್ತು. ಈ ಸಾರನ್ನು ಮೊದಲು ಯಾರು ಮಾಡಿದರು?"

ಮೇಘನಳ ಫೋನು ಪಾರ್ವತಮ್ಮನ ಮುಖಕ್ಕೆ ತಿರುಗಿತು. ತಮ್ಮಯ್ಯ ತುತ್ತು ಕೈಯಲ್ಲಿ ಹಿಡಿದು ಕಾಯುತ್ತಿದ್ದ. ನಾನು ಎಂಬ ಎರಡಕ್ಷರ ನಾಲಿಗೆಯ ತುದಿಯಲ್ಲೇ ಇತ್ತು. ಇಷ್ಟು ವರ್ಷದಲ್ಲಿ ಅದನ್ನು ಯಾರೂ ಕೇಳಿರಲಿಲ್ಲ; ದೂರದ ದೇಶದಿಂದ ಒಬ್ಬ ಹುಡುಗಿ ಬಂದು ಕೇಳಬೇಕಾಯಿತು. ನಾನು ಎಂದರೆ, ಅವ್ವ ಕೇರಿಯಲ್ಲಿ ಹಂಚಿದ್ದೆಲ್ಲ ಸುಳ್ಳಾಗುತ್ತದೆ. ಅವ್ವನ ಮಾತನ್ನು ಇಷ್ಟು ಕಾಲ ಪಾಲಿಸಿಕೊಂಡು ಬಂದ ಈ ಮಗ ಸೊಸೆಯ ಎದುರು, ಉಂಡು ಬಂದ ಬೀಗರ ಮನೆಯ ಬಗ್ಗೆ ಕತೆ ಕಟ್ಟಿದ ಮುದುಕಿಯಾಗುತ್ತಾಳೆ ಅವ್ವ. ನಮ್ಮವ್ವ ಎಂದರೆ ತಮ್ಮಯ್ಯನೇ ಅಲ್ಲ ಎನ್ನುತ್ತಾನೆ. ಅವ್ವನ ಮಾತು ನಿಲ್ಲಬೇಕಾದರೆ ಸಾರು ಕಿರಂಗೂರಿನಲ್ಲಿ ಹುಟ್ಟಿರಬೇಕು. ತನಗಿಂತ ಮೊದಲು ಆ ಒಲೆಯ ಮುಂದೆ ಇದ್ದವಳಿಗೆ ಹುಟ್ಟಿರಬೇಕು. ಬೇರೆ ದಾರಿಯೇ ಇರಲಿಲ್ಲ.

"ನಮ್ಮತ್ತೆ," ಎಂದಳು ಪಾರ್ವತಮ್ಮ. ತನ್ನ ದನಿ ತನಗೇ ದೂರದಿಂದ ಕೇಳಿಸಿತು. "ದೊಡ್ಡತಾಯಮ್ಮ ಅಂತ. ಅವರೇ ಮಾಡ್ತಿದ್ದದ್ದು. ನಂಗೂ ಅವರೇ ಕಲ್ಸಿದ್ದು."

"ಮುತ್ತಜ್ಜಿನಾ! ಮತ್ತೆ ನಾಗಮಂಗ್ಲದ ಸಾರು ಅಂತ ಯಾಕೆ ಅಂತಿದ್ರು ಎಲ್ರೂ?"

"ಅವ್ರಾದ್ಮೇಲೆ ಮಾಡ್ತಿದ್ದೋಳು ನಾನಲ್ವ? ನಾಗಮಂಗ್ಲದೋಳು ಮಾಡಿದ್ದು ಅಂತ ಅಂಗಂದ್ರು."

ಮಾರ್ತಾ ಅದನ್ನು ಮೇಘನಳಿಂದ ಇಂಗ್ಲಿಷಿನಲ್ಲಿ ಇನ್ನೊಮ್ಮೆ ಹೇಳಿಸಿಕೊಂಡು, ಸೊಸೆಯರ ಹೆಸರಿನ ರೂಢಿಯನ್ನೂ ಕೇಳಿ ತಿಳಿದು, ಕಣ್ಣರಳಿಸಿದಳು. ಹುಡುಕಿ ಬಂದದ್ದಕ್ಕಿಂತ ದೊಡ್ಡದು ಸಿಕ್ಕಿದೆಯೆಂದು ಅವಳ ಮುಖ ಹೇಳುತ್ತಿತ್ತು. "ದೊಡ್ಡ-ತಾಯಮ್ಮ," ಎಂದು ಸರಿಯಾಗಿ ಬರುವ ತನಕ ನಾಲ್ಕಾರು ಸಲ ಹೇಳಿ ಕಲಿತಳು. ಪ್ರತಿ ಸಲವೂ ಪಾರ್ವತಮ್ಮ ತಲೆಯಾಡಿಸಿ, "ಊ, ಅಂಗೇ," ಎಂದಳು. ಮೇಘನ, ಕಿರಂಗೂರಿನ ಹಳೆಯ ಮನೆಯಲ್ಲಿ ಮುತ್ತಜ್ಜಿಯ ಫೋಟೋ ಇದೆಯೆಂದೂ, ಅದನ್ನು ವೀಡಿಯೋದ ಮೊದಲಿಗೆ ಹಾಕೋಣವೆಂದೂ ಹೇಳುತ್ತಿದ್ದಳು. ತಮ್ಮಯ್ಯ, "ನಮ್ಮವ್ವ ಸುಳ್ಳೇಳೋಳಲ್ಲ ಕಣವ್ವ," ಎಂದು ಹೇಳಿ ತುತ್ತು ನುಂಗಿದ.

ಹೊರಡುವಾಗ ಹುಡುಗಿಯರಿಬ್ಬರೂ ತಮ್ಮಯ್ಯನ ಜೊತೆ ಹೊಲ ನೋಡಲು ಹೋದರು. ಚಿಕ್ಕಬೋರಮ್ಮ ಪಾರ್ವತಮ್ಮನನ್ನು ಕೈ ಹಿಡಿದು ಅಡಿಗೆಮನೆಗೆ ಕರೆದೊಯ್ದು, ಕುಂಕುಮ ಇಟ್ಟು, ಮಡಿಲಿಗೆ ಎಲೆ ಅಡಿಕೆ ಕಾಯಿ ಹಾಕಿದಳು. ಆಮೇಲೆ ದನಿ ತಗ್ಗಿಸಿ, ಚಿಕ್ಕ ಹುಡುಗಿಯ ಹಾಗೆ ಕೇಳಿದಳು. "ಅತ್ಗೆ, ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಈ ಸಾರು ಮಾಡ್ದಾಗೆಲ್ಲ ಅತ್ತೆಮ್ಮ ಸೌಟಲ್ಲಿ ರುಚಿ ನೋಡಿ, ಏನೋ ಒಂದು ಕಡ್ಮೆ ಅದೆ ಕಣೆ ಅಂತ ನಗೋರು. ಏನು ಅಂದ್ರೆ ಏಳ್ತಿರ್ನಿಲ್ಲ. ನಿಮ್ಮದು ಕಪ್ಪಗಿರ್ತದೆ ಅಂತು ನಿಮ್ ಮೊಮ್ಮಗಳು. ಅದೇನು ಆಕ್ತೀರ? ಯಾರಿಗೂ ಏಳಲ್ಲ, ನಂಗೊಬ್ಳಿಗೆ ಏಳಿ."

ಅಡಿಗೆಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಫೋನು ಇರಲಿಲ್ಲ. ಕಿಟಕಿಯಾಚೆ, ರಾಗಿಯ ನಡುವೆ ಹಳದಿ ಹೂವು ಗಾಳಿಗೆ ಬಾಗಿ ಏಳುತ್ತಿತ್ತು. ಅವ್ವ ತನ್ನ ಕೈಯಾರ ಬಿತ್ತಿದ ಕಾಳು, ತನ್ನ ಕೈಯಾರ ಗಂಟು ಕಟ್ಟಿ ಕೊಟ್ಟ ಕಾಳು. ಚಿಗುರು ಗುರುತು ಹಿಡಿದ ನಾಲಿಗೆಗೆ ಅದು ಗೊತ್ತಾಗಲಿಲ್ಲವೆಂದರೆ ಯಾರು ನಂಬುತ್ತಾರೆ? ಗದ್ದೆ ಬಯಲಿನ ಸಾರು ಎಂದು ಹೇಳಿದ ಮೇಲೆ ಅದರಲ್ಲಿ ಹುಚ್ಚೆಳ್ಳು ಇರುವಂತಿಲ್ಲ. ಅದಕ್ಕೇ ಅವ್ವ ಅದನ್ನು ಕೈ ಬಿಟ್ಟಿದ್ದಳು. ಕೈ ಬಿಟ್ಟು, ಪ್ರತಿ ಸಲ ರುಚಿ ನೋಡಿ, ತನ್ನಷ್ಟಕ್ಕೆ ತಾನು ನಕ್ಕಿದ್ದಳು. ಈಗ ಹುಚ್ಚೆಳ್ಳು ಅಂದರೆ ಈ ಬೋರಮ್ಮ, ಗದ್ದೆ ಸೀಮೆಯಲ್ಲಿ ಹುಚ್ಚೆಳ್ಳು ಎಲ್ಲಿ ಬಂತು ಅತ್ಗೆ ಎಂದು ಕೇಳುತ್ತಾಳೆ. ಬಾಯಿ ನೇರದವಳು, ಕೇಳದೆ ಇರುವುದಿಲ್ಲ.

ಒಲೆಯ ಮೇಲೆ ಪಾತ್ರೆಯಲ್ಲಿ ಕೆಂಪು ಸಾರು ಇನ್ನೂ ಉಳಿದಿತ್ತು. ಪಾರ್ವತಮ್ಮ ಸೌಟಿನಿಂದ ಅಂಗೈಗೆ ಒಂದಿಷ್ಟು ಬಿಟ್ಟುಕೊಂಡು ನೆಕ್ಕಿದಳು. ಮತ್ತೊಮ್ಮೆ ಬಿಟ್ಟುಕೊಂಡಳು. ಅಂಗೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ, ಚಿಕ್ಕಬೋರಮ್ಮನ ಮುಖ ನೋಡದೆ ಹೇಳಿದಳು:

"ಏನೂ ಕಡ್ಮೆ ಇಲ್ಲ ಕಣವ್ವ. ನಾನೇ ಏನೋ ಕೈಗೆ ಸಿಕ್ಕಿದ್ದು ಸೇರ್ಸಿ ಕೆಡಿಸ್ಕೊಂಡಿದ್ದೆ. ಮಾಡೋದು ಇಂಗೇ."